ಮ್ಯಾಂಟಲ್‌ಗೆ ಕೆಂಪು ಬಣ್ಣ ಬೇಡ

ಮಕ್ಕಳೇ, ಭೂಮಿಯನ್ನು ಮಾವಿನ ಹಣ್ಣಿನಂತೆ ಎರಡು ಹೋಳು ಮಾಡಿದ ಚಿತ್ರವನ್ನು ನೀವು ಒಮ್ಮೆಯಾದರೂ ಬರೆದಿರುತ್ತೀರಿ. ಹೊರಗೆ ತೆಳ್ಳನೆಯ ಭೂಕವಚ, ನಡುವೆ ದಪ್ಪನೆಯ ಮ್ಯಾಂಟಲ್, ಒಳಗೆ ಕೇಂದ್ರಗೋಳ. ಬಣ್ಣ ಹಚ್ಚುವ ಹೊತ್ತಿಗೆ ಕೈ ತಾನಾಗಿಯೇ ಕೆಂಪು ಪೆನ್ಸಿಲ್ ಹುಡುಕುತ್ತದೆ. ಮ್ಯಾಂಟಲ್ ಎಂದರೆ ಕೆಂಪು, ಅದರಲ್ಲಿ ನಾಲ್ಕಾರು ಅಲೆ, ಒಂದೆರಡು ಗುಳ್ಳೆ! ವಿಜ್ಞಾನ ಮೇಳದ ಥರ್ಮೋಕೋಲ್ ಮಾದರಿಗಳಲ್ಲೂ ಹೆಚ್ಚಾಗಿ ಹೀಗೆಯೇ. ಅದನ್ನು ನೋಡಿದವರಿಗೆ ನಮ್ಮ ಕಾಲ ಕೆಳಗೆ ಲಾವಾರಸ ಕುದಿಯುವ ದೊಡ್ಡದೊಂದು ಹಂಡೆ ಇದೆ, ಅದರ ಮೇಲಿನ ಕೆನೆಯ ಮೇಲೆ ನಾವು ಕುಳಿತಿದ್ದೇವೆ ಎನಿಸುತ್ತದೆ.

ಈ ಚಿತ್ರಕ್ಕೆ ನನ್ನ ತಕರಾರಿದೆ. ಮ್ಯಾಂಟಲ್ ದ್ರವವಲ್ಲ. ಅದು ಕಲ್ಲು, ಗಟ್ಟಿ ಕಲ್ಲು. ಬೀದರ್, ಭಾಲ್ಕಿ, ಔರಾದ್ ಕಡೆಯ ಮಕ್ಕಳಂತೂ ಆ ಕೆಂಪು ಹಂಡೆಯನ್ನು ಒಪ್ಪಲೇಬಾರದು. ಏಕೆಂದರೆ ಮ್ಯಾಂಟಲ್ ಯಾವುದರಿಂದ ಆಗಿದೆ ಎಂದು ಹೇಳುವ ಸಾಕ್ಷಿ ನಿಮ್ಮ ಹೊಲದ ಬದುವಿನಲ್ಲೇ ಬಿದ್ದಿದೆ.

‘ಒಂದು ಚಿತ್ರದ ಬಣ್ಣಕ್ಕೆ ಇಷ್ಟೊಂದು ಜಗಳವೇ?’ ಎಂದು ನೀವು ಕೇಳಬಹುದು. ಜಗಳಕ್ಕೆ ಕಾರಣವಿದೆ, ಕೇಳಿ.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಜನ ಇನ್ನೂ ಮಲಗಿದ್ದಾಗ, ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಕಂಪವಾಯಿತು. ಕಿಲ್ಲಾರಿ ಇರುವುದು ಭಾಲ್ಕಿಯಿಂದ ಪಶ್ಚಿಮಕ್ಕೆ, ನೇರ ಗೆರೆ ಎಳೆದರೆ 60-70 ಕಿ.ಮೀ. ದೂರದಲ್ಲಿ. ಸುಮಾರು ಹತ್ತು ಸಾವಿರ ಜನ ತೀರಿಕೊಂಡರು. ನಿಮ್ಮ ಮನೆಯ ಹಿರಿಯರನ್ನು ಕೇಳಿ, ಆ ದಿನ ಅವರಿಗೆ ನೆನಪಿರಬಹುದು. ಮುಂದೆ 2021ರ ಅಕ್ಟೋಬರ್‌ನಲ್ಲಿ ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರ ಮತ್ತು ಸುತ್ತಲಿನ ಊರುಗಳಲ್ಲಿ ನೆಲದೊಳಗಿಂದ ಸದ್ದು ಬಂತು, ಸಣ್ಣ ಸಣ್ಣ ಕಂಪನಗಳಾದವು. ಜನ ಹೆದರಿ ಮನೆಯ ಹೊರಗೆ ರಾತ್ರಿ ಕಳೆದರು.

ಇಂಥ ಹೊತ್ತಿನಲ್ಲಿ ತಲೆಯೊಳಗೆ ಆ ಕೆಂಪು ಹಂಡೆಯ ಚಿತ್ರವಿದ್ದರೆ ಏನಾಗುತ್ತದೆ? ‘ಕೆಳಗಿನ ಲಾವಾರಸ ಉಕ್ಕಿ ಬರುತ್ತಿದೆ, ಜ್ವಾಲಾಮುಖಿ ಏಳುತ್ತದೆ’ ಎಂಬ ಮಾತು ನಂಬಲು ಸುಲಭವಾಗುತ್ತದೆ. ಜನ ನೆಲದ ಬಿರುಕಿನಲ್ಲಿ ಹೊಗೆ ಹುಡುಕುತ್ತಾರೆ. ಆದರೆ ಕಿಲ್ಲಾರಿಯಲ್ಲಿ ಜೀವ ತೆಗೆದದ್ದು ಬೆಂಕಿಯಲ್ಲ, ಗೋಡೆ! ದಪ್ಪ ದಪ್ಪ ಕಲ್ಲುಗಳನ್ನು ಬರೀ ಮಣ್ಣಿನಲ್ಲಿ ಕೂಡಿಸಿ ಕಟ್ಟಿದ ಗೋಡೆಗಳು ಮಲಗಿದವರ ಮೇಲೆ ಕುಸಿದವು. ಆ ಭೂಕಂಪ ಹುಟ್ಟಿದ್ದು ನೆಲದಿಂದ ಸುಮಾರು ಹತ್ತು ಕಿ.ಮೀ. ಒಳಗೆ, ಗಟ್ಟಿಯಾದ ಭೂಕವಚದಲ್ಲಿಯೇ. ಅಲ್ಲಿಂದ ಇನ್ನೂ ಎಷ್ಟೋ ಕಿ.ಮೀ. ಇಳಿದ ಮೇಲೆ ಮ್ಯಾಂಟಲ್ ಸಿಗುತ್ತದೆ. ತಪ್ಪು ಚಿತ್ರ ನಮ್ಮ ಹೆದರಿಕೆಯನ್ನು ತಪ್ಪು ಕಡೆಗೆ ತಿರುಗಿಸುತ್ತದೆ. ನೋಡಬೇಕಾದ ಗೋಡೆಯನ್ನು ಬಿಟ್ಟು ಇಲ್ಲದ ಲಾವಾವನ್ನು ನೋಡುತ್ತೇವೆ.

ಆ ಭೂಕಂಪದ ನಂತರ ವಿಜ್ಞಾನಿಗಳು ಕಿಲ್ಲಾರಿಯಲ್ಲಿ ನೆಲ ಕೊರೆದು ನೋಡಿದರು. ಮೊದಲ 338 ಮೀಟರ್ ಕಪ್ಪು ಕಲ್ಲು ಸಿಕ್ಕಿತು. ಅದರ ಕೆಳಗೆ 8 ಮೀಟರಿನಷ್ಟು ಹಳೆಯ ಮಣ್ಣು-ಮರಳಿನ ಪದರ. ಅದರಡಿ ಗ್ರಾನೈಟಿನ ನೆಂಟನಾದ ಬಲು ಪುರಾತನ ಶಿಲೆ. ಕೊರೆದದ್ದು ಒಟ್ಟು 617 ಮೀಟರ್. ಆ 8 ಮೀಟರ್ ಪದರವನ್ನು ಸ್ವಲ್ಪ ಯೋಚಿಸಿ. ಕಪ್ಪು ಕಲ್ಲು ಬರುವ ಮೊದಲು ಬಿಸಿಲು-ಮಳೆ ಕಂಡಿದ್ದ ನೆಲ ಅದು! ಡೈನೊಸಾರ್‌ಗಳ ಕಾಲದ ನೆಲ.

ಆ ಕಪ್ಪು ಕಲ್ಲು ಯಾವುದು? ಔರಾದ್‌ನಲ್ಲಿ ಬಾವಿ ತೋಡಿದರೆ ಸಿಗುವುದು, ಭಾಲ್ಕಿಯ ಕಡೆ ಕ್ರಷರಿನಲ್ಲಿ ಪುಡಿಯಾಗಿ ರಸ್ತೆಗೆ ಬೀಳುವುದು ಅದೇ. ಅದರ ಹೆಸರು ಬಸಾಲ್ಟ್. ನೆಲದ ಮೇಲೆ ಹರಿದ ಲಾವಾರಸ ತಣಿದು ಆದ ಅಗ್ನಿಶಿಲೆ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ನಮ್ಮ ದಖನ್ ಪ್ರದೇಶದಲ್ಲಿ ನೆಲ ಸೀಳಿ, ಆ ಸೀಳುಗಳಿಂದ ಲಾವಾರಸ ಉಕ್ಕಿ ಹರಿಯಿತು. ಒಮ್ಮೆಯಲ್ಲ, ಮತ್ತೆ ಮತ್ತೆ. ಒಂದರ ಮೇಲೊಂದು ರೊಟ್ಟಿ ಪೇರಿಸಿದ ಹಾಗೆ ಪದರಗಳು ಕೂಡಿದವು. ಇಂದಿಗೂ ಉಳಿದಿರುವ ಹರವು ಸುಮಾರು 5 ಲಕ್ಷ ಚದರ ಕಿ.ಮೀ. ಪಶ್ಚಿಮ ಘಟ್ಟದ ಕಡೆ ಅದರ ದಪ್ಪ 2 ಕಿ.ಮೀ.ಗಿಂತ ಹೆಚ್ಚು. ನಿಮ್ಮ ಜಿಲ್ಲೆ ಇರುವುದು ಅದರ ಅಂಚಿನಲ್ಲಿ, ಹಾಗಾಗಿ ಇಲ್ಲಿ ತೆಳು. ಇದನ್ನು ದಖನ್ ಟ್ರ್ಯಾಪ್ ಎನ್ನುತ್ತಾರೆ. ‘ಟ್ರ್ಯಾಪ್’ ಎಂಬುದು ಸ್ವೀಡನ್ ದೇಶದ ಭಾಷೆಯಿಂದ ಬಂದ ಪದ, ಅರ್ಥ ಮೆಟ್ಟಿಲು. ಪದರ ಪದರವಾದ ಗುಡ್ಡಗಳು ದೂರದಿಂದ ಮೆಟ್ಟಿಲಿನಂತೆ ಕಾಣುತ್ತವೆ, ಅದಕ್ಕೆ ಆ ಹೆಸರು.

‘ನೋಡಿ, ಲಾವಾರಸ ಉಕ್ಕಿ ಬಂತು ಎಂದು ನೀವೇ ಹೇಳಿದಿರಿ. ಹಾಗಾದರೆ ಕೆಳಗೆ ದ್ರವ ಇರಲೇಬೇಕಲ್ಲ?’ ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಕೊಡುವ ಮೊದಲು ಮ್ಯಾಂಟಲ್ ಗಟ್ಟಿ ಎಂದು ಹೇಗೆ ಗೊತ್ತಾಯಿತು ಎಂಬುದನ್ನು ಹೇಳಿಬಿಡುತ್ತೇನೆ.

ಒಂದು ಹಗ್ಗದ ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಇನ್ನೊಂದು ತುದಿ ಹಿಡಿದು ಅಡ್ಡಕ್ಕೆ ಅಲುಗಾಡಿಸಿ. ಹಾವಿನಂತೆ ಅಲೆ ಓಡುತ್ತದೆ. ಭೂಕಂಪವಾದಾಗ ಇಂಥ ಅಡ್ಡ ಅಲೆಗಳೂ ಭೂಮಿಯೊಳಗೆ ಓಡುತ್ತವೆ. ಅವುಗಳಿಗೊಂದು ಗುಣವಿದೆ. ಗಟ್ಟಿ ವಸ್ತುವಿನೊಳಗೆ ಮಾತ್ರ ಹೋಗುತ್ತವೆ. ದ್ರವ ಸಿಕ್ಕರೆ ಅಲ್ಲೇ ಮುಗಿಯುತ್ತವೆ. ಪ್ರಪಂಚದ ಭೂಕಂಪ ಮಾಪಕಗಳು ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಈ ಅಲೆಗಳನ್ನು ದಾಖಲಿಸುತ್ತಿವೆ. ಅಡ್ಡ ಅಲೆಗಳು ಮ್ಯಾಂಟಲ್‌ನ ಉದ್ದಕ್ಕೂ, ಸುಮಾರು 2,900 ಕಿ.ಮೀ. ಆಳದವರೆಗೂ, ಆರಾಮವಾಗಿ ಹಾಯ್ದು ಬರುತ್ತವೆ. ಅದರಾಚೆ, ಹೊರ ಕೇಂದ್ರಗೋಳಕ್ಕೆ ಬಂದಾಗ ನಿಂತುಬಿಡುತ್ತವೆ. ದ್ರವ ಇರುವುದು ಅಲ್ಲಿ. ಅದೂ ಲಾವಾರಸವಲ್ಲ, ಕರಗಿದ ಕಬ್ಬಿಣ. ಭೂಮಿಯ ಗಾತ್ರದಲ್ಲಿ ನೂರಕ್ಕೆ 84 ಪಾಲು ಮ್ಯಾಂಟಲ್ ಎಂಬುದನ್ನು ನೆನಪಿಡಿ. ಅಷ್ಟೂ ಕಲ್ಲು. ಮೇಲ್ಭಾಗದ ಕೆಲವೆಡೆ ನೂರಕ್ಕೆ ಒಂದೆರಡು ಪಾಲು ಕರಗಿರಬಹುದು. ಅಷ್ಟಕ್ಕೆ ಅದನ್ನು ಸಾಗರ ಎನ್ನಲಾಗದು. ಒದ್ದೆ ಮರಳನ್ನು ಕೆರೆ ಎಂದು ಯಾರಾದರೂ ಕರೆಯುತ್ತಾರೆಯೇ?

ಗಟ್ಟಿಯಾದರೂ ಅದು ಬಹಳ ನಿಧಾನವಾಗಿ ಹರಿಯುತ್ತದೆ, ವರ್ಷಕ್ಕೆ ಕೆಲವು ಸೆಂಟಿಮೀಟರ್. ನಿಮ್ಮ ಉಗುರು ಬೆಳೆಯುವಷ್ಟು ವೇಗ. ಗಟ್ಟಿ ವಸ್ತು ಹರಿಯುವುದು ವಿಚಿತ್ರವೆನಿಸಿದರೆ ಬೇಸಿಗೆಯಲ್ಲಿ ಡಾಂಬರಿನ ಉಂಡೆಯೊಂದನ್ನು ಕಲ್ಲಿನ ಮೇಲಿಟ್ಟು ಎರಡು ದಿನ ಬಿಟ್ಟು ನೋಡಿ.

ಈಗ ಲಾವಾರಸಕ್ಕೆ ಬರೋಣ. ಪ್ರೆಷರ್ ಕುಕ್ಕರ್‌ನೊಳಗಿನ ನೀರು 100 ಡಿಗ್ರಿ ಸೆಲ್ಸಿಯಸ್ ದಾಟಿದರೂ ಕುದಿಯದೆ ಇರುತ್ತದೆ, ಒತ್ತಡ ಅದನ್ನು ಹಿಡಿದಿಟ್ಟಿರುತ್ತದೆ. ಸೀಟಿ ಎದ್ದರೆ ಬುಸ್ಸೆಂದು ಆವಿಯಾಗುತ್ತದೆ. (ನೀವು ಸೀಟಿ ಎತ್ತಿ ನೋಡಲು ಹೋಗಬೇಡಿ, ಅಮ್ಮ ಮಾಡುವಾಗ ದೂರದಿಂದ ನೋಡಿ.) ಮ್ಯಾಂಟಲ್ ಕೂಡ ಹಾಗೆಯೇ. ಸಾವಿರದ ಮುನ್ನೂರು ಡಿಗ್ರಿಗೂ ಹೆಚ್ಚು ಬಿಸಿಯಿದ್ದರೂ ಮೇಲಿನ ಕಲ್ಲಿನ ಭಾರ ಅದನ್ನು ಕರಗಲು ಬಿಡುವುದಿಲ್ಲ. ಆದರೆ ಆಳದ ಬಿಸಿ ಕಲ್ಲು ನಿಧಾನವಾಗಿ ಮೇಲೇರಿ ಬಂದರೆ ಒತ್ತಡ ಕಡಿಮೆಯಾಗುತ್ತದೆ. ಯಾರೂ ಬೆಂಕಿ ಹಾಕದಿದ್ದರೂ ಅದರ ಒಂದು ಪಾಲು ಕರಗುತ್ತದೆ. ಹೀಗೆ ಕರಗಿದ ಶಿಲಾರಸವೇ ಮೇಲೆ ಬಂದು ಲಾವಾರಸವಾಗುತ್ತದೆ. ಆಗ ನಮ್ಮ ಭೂಖಂಡ ಹಿಂದೂ ಮಹಾಸಾಗರದಲ್ಲಿ ಈಗಿನ ರಿಯೂನಿಯನ್ ದ್ವೀಪವಿರುವ ಜಾಗದ ಮೇಲೆ ಸಾಗುತ್ತಿತ್ತು, ಅಲ್ಲಿ ಮ್ಯಾಂಟಲ್ ಹೀಗೆ ಮೇಲೇರುತ್ತಿತ್ತು ಎಂಬುದು ಬಹುಪಾಲು ಭೂವಿಜ್ಞಾನಿಗಳ ಅಭಿಪ್ರಾಯ. ಭಾರತ ಉತ್ತರಕ್ಕೆ ಸರಿದುಬಂತು. ರಿಯೂನಿಯನ್‌ನಲ್ಲಿ ಇಂದಿಗೂ ಜ್ವಾಲಾಮುಖಿ ಆಗಾಗ ಉಕ್ಕುತ್ತದೆ. ಔರಾದ್‌ನ ಕಲ್ಲಿಗೂ ಆ ದ್ವೀಪಕ್ಕೂ ಇರುವ ನೆಂಟಸ್ತನ ಇದು!

‘ಒಂದು ಪಾಲು ಕರಗುತ್ತದೆ’ ಎಂದೆನಲ್ಲ, ಅದರಲ್ಲೇ ಇಡೀ ಗುಟ್ಟಿದೆ. ಜಾತ್ರೆಯಲ್ಲಿ ಐಸ್‌ಕ್ಯಾಂಡಿ ತಿಂದಿದ್ದೀರಲ್ಲ? ಜೋರಾಗಿ ಹೀರಿದರೆ ಬಣ್ಣ ಮತ್ತು ಸಿಹಿ ಮೊದಲು ಬಾಯಿಗೆ ಬರುತ್ತವೆ. ಕಡ್ಡಿಯಲ್ಲಿ ಸಪ್ಪೆ ಬಿಳಿ ಮಂಜುಗಡ್ಡೆ ಉಳಿಯುತ್ತದೆ. ಮ್ಯಾಂಟಲ್‌ನಲ್ಲೂ ಸುಲಭವಾಗಿ ಕರಗುವ ಅಂಶಗಳು ಮೊದಲು ರಸವಾಗಿ ಹೊರಬರುತ್ತವೆ. ಹಟಮಾರಿ ಖನಿಜಗಳು ಕೆಳಗೇ ಉಳಿಯುತ್ತವೆ. ಆದ್ದರಿಂದ ಬಸಾಲ್ಟ್ ಮ್ಯಾಂಟಲ್‌ನ ತುಂಡಲ್ಲ, ಮ್ಯಾಂಟಲ್ ಹಿಂಡಿದ ರಸ.

ಲೆಕ್ಕ ನೋಡಿ. 100 ಕಿಲೋ ಮ್ಯಾಂಟಲ್ ಶಿಲೆಯಲ್ಲಿ ಆಕ್ಸಿಜನ್ ಸುಮಾರು 44 ಕಿಲೋ, ಮೆಗ್ನೀಸಿಯಂ 23, ಸಿಲಿಕಾನ್ 21, ಕಬ್ಬಿಣ 6 ಕಿಲೋ. ಉಳಿದದ್ದರಲ್ಲಿ ಹೆಚ್ಚಿನದು ಕ್ಯಾಲ್ಸಿಯಂ ಮತ್ತು ಅಲ್ಯೂಮಿನಿಯಂ, ಎರಡೂ ಎರಡೆರಡೂವರೆ ಕಿಲೋ. (ಕಲ್ಲಿನಲ್ಲಿ ಅರ್ಧಕ್ಕೆ ಹತ್ತಿರ ಆಕ್ಸಿಜನ್! ನಾವು ಉಸಿರಾಡುವ ಧಾತುವೇ ಕಲ್ಲಾಗಿ ಕುಳಿತಿದೆ.) ದಖನ್ ಬಸಾಲ್ಟ್‌ನ 100 ಕಿಲೋದಲ್ಲಿ ಮೆಗ್ನೀಸಿಯಂ ಸುಮಾರು 4 ಕಿಲೋ ಮಾತ್ರ. ಆದರೆ ಕ್ಯಾಲ್ಸಿಯಂ 7 ಕಿಲೋ, ಕಬ್ಬಿಣ 10 ಕಿಲೋದ ಆಸುಪಾಸು. ಮೆಗ್ನೀಸಿಯಂ ಹೆಚ್ಚಾಗಿ ಕೆಳಗೇ ಉಳಿಯಿತು, ಕ್ಯಾಲ್ಸಿಯಂ ಮತ್ತು ಕಬ್ಬಿಣ ರಸದೊಂದಿಗೆ ಮೇಲೆ ಬಂದವು.

ಬಂದು ಏನಾದವು? ಔರಾದ್, ಭಾಲ್ಕಿ ತಾಲ್ಲೂಕುಗಳಲ್ಲಿ ಬಸಾಲ್ಟ್ ಬಿಸಿಲು-ಮಳೆಗೆ ನುಗ್ಗಾಗಿ ಕಪ್ಪು ಎರೆಮಣ್ಣಾಯಿತು. ಕ್ಯಾಲ್ಸಿಯಂ ಅದರಲ್ಲಿ ಸಾಕಷ್ಟು ಉಳಿದಿದೆ. ಎರೆಹೊಲದಲ್ಲಿ ಸಿಗುವ ಬಿಳಿ ಸುಣ್ಣದ ಹರಳುಗಳನ್ನು ನೀವು ನೋಡಿರಬಹುದು. ನಿಮ್ಮ ತೊಗರಿ, ಸೋಯಾ, ಕಡಲೆ ಬೇರು ಬಿಡುವುದು ಆ ಮಣ್ಣಿನಲ್ಲಿ. ಬೀದರ್ ನಗರದಲ್ಲಿ ಕಥೆ ಬೇರೆ. ಅಲ್ಲಿನ ಎತ್ತರದ ಬಯಲಿನಲ್ಲಿ ಬಸಾಲ್ಟ್ ಇನ್ನೂ ಹೆಚ್ಚು ಕಾಲ, ಹೆಚ್ಚು ಮಳೆಗೆ ಸಿಕ್ಕಿ ಹಣ್ಣಾಗಿ ಹೋಯಿತು. ಕ್ಯಾಲ್ಸಿಯಂ, ಮೆಗ್ನೀಸಿಯಂ ಮಾತ್ರವಲ್ಲ, ಸಿಲಿಕಾನ್‌ನ ಬಹುಪಾಲೂ ನೀರಿನಲ್ಲಿ ತೊಳೆದುಹೋದವು. ಉಳಿದದ್ದು ಕಬ್ಬಿಣ ಮತ್ತು ಅಲ್ಯೂಮಿನಿಯಂ. ಕಬ್ಬಿಣ ತುಕ್ಕು ಹಿಡಿದು ಕೆಂಪಾಯಿತು. ಅದೇ ಜಂಬಿಟ್ಟಿಗೆ, ನೀವು ಕೆಂಪು ಕಲ್ಲು ಎನ್ನುವುದು. ಬೀದರ್ ಕೋಟೆಯ ಸುತ್ತ ಮೂರು ಸಾಲಿನ ಕಂದಕವಿದೆಯಲ್ಲ, ಅದನ್ನು ಕಡಿದದ್ದು ಈ ಕಲ್ಲಿನಲ್ಲಿ. ಔರಾದ್‌ನ ಕಪ್ಪು, ಬೀದರಿನ ಕೆಂಪು, ಎರಡೂ ಒಂದೇ ತಾಯಿಯ ಮಕ್ಕಳು. ಆ ತಾಯಿಯ ತಾಯಿ ಮ್ಯಾಂಟಲ್.

ಕೋಟೆಯನ್ನು ತೋರಿಸುವಾಗ ಸುಲ್ತಾನರ ಹೆಸರು ಹೇಳುತ್ತಾರೆ, ಒಳ್ಳೆಯದೇ. ಆದರೆ ಕಲ್ಲಿನ ಹೆಸರನ್ನೂ ಹೇಳಬೇಕು ಎಂಬುದು ನನ್ನ ಆಸೆ. ನೌಬಾದ್ ಬಳಿ ಬಹಮನಿ ಕಾಲದ ಸುರಂಗ ಬಾವಿಯಿದೆ, ಕರೇಜ್ ಎನ್ನುತ್ತಾರೆ. ಜಂಬಿಟ್ಟಿಗೆ ಮಳೆನೀರನ್ನು ಹೀರುತ್ತದೆ, ಅದರಡಿಯ ಗಟ್ಟಿ ಬಸಾಲ್ಟ್ ಅದನ್ನು ಕೆಳಗೆ ಹೋಗಗೊಡುವುದಿಲ್ಲ. ಎರಡರ ನಡುವೆ ನೀರು ಸಿಗುತ್ತದೆ. ಈ ಮಾತು ತಿಳಿಯದೆ ಆ ಸುರಂಗವನ್ನು ನೋಡಿದರೆ ಬರೀ ಕತ್ತಲೆ ಕಂಡೀತು.

ಮ್ಯಾಂಟಲ್ ಲೆಕ್ಕವನ್ನು ಯಾರು ತೂಗಿ ನೋಡಿದರು ಎಂದು ನೀವು ಕೇಳಿಯೇ ಕೇಳುತ್ತೀರಿ. ಕೊರೆದು ತಲುಪುವುದು ಸುಲಭವಲ್ಲ. ರಷ್ಯಾದ ಕೋಲಾ ಎಂಬಲ್ಲಿ 1970ರಲ್ಲಿ ಕೊರೆಯಲು ಶುರು ಮಾಡಿ 1989ರಲ್ಲಿ 12,262 ಮೀಟರ್ ಮುಟ್ಟಿದರು. ಅಂದರೆ 12 ಕಿ.ಮೀ. ಚಿಲ್ಲರೆ. ಭೂಮಿಯ ಕೇಂದ್ರ ಇರುವುದು 6,371 ಕಿ.ಮೀ. ಆಳದಲ್ಲಿ. ಮಾವಿನ ಸಿಪ್ಪೆಯೂ ದಾಟಲಿಲ್ಲ! ಆದರೆ ಭೂಮಿ ತಾನೇ ಕೆಲವು ತುಂಡುಗಳನ್ನು ಮೇಲೆ ಕಳಿಸುತ್ತದೆ. ವಜ್ರ ಹೊತ್ತು ತರುವ ಕಿಂಬರ್ಲೈಟ್ ಎಂಬ ಅಗ್ನಿಶಿಲೆ ಬಹಳ ಆಳದಿಂದ ವೇಗವಾಗಿ ನುಗ್ಗಿ ಬರುವಾಗ ದಾರಿಯ ಮ್ಯಾಂಟಲ್ ಕಲ್ಲುಗಳನ್ನು ಕಿತ್ತು ತರುತ್ತದೆ. ಬಳ್ಳಾರಿಯ ಪಕ್ಕದ ಅನಂತಪುರ ಜಿಲ್ಲೆಯ ವಜ್ರಕರೂರಿನಲ್ಲಿ ಅಂಥ ಶಿಲೆ ಇದೆ. ಇನ್ನು ಸಾಗರದ ತಳದ ಕೆಲವೆಡೆ ಮ್ಯಾಂಟಲ್ ಶಿಲೆ ಮೇಲೆದ್ದು ಬಂದಿದೆ. 2023ರಲ್ಲಿ ಅಟ್ಲಾಂಟಿಕ್ ಸಾಗರದ ಅಂಥ ಒಂದು ಜಾಗದಲ್ಲಿ ‘ಜೋಯಿಡ್ಸ್ ರೆಸಲ್ಯೂಷನ್’ ಎಂಬ ಹಡಗಿನಿಂದ 1,268 ಮೀಟರ್ ಆಳ ಕೊರೆದು ಕಲ್ಲಿನ ಕಂಬಗಳನ್ನು ಹೊರತೆಗೆದರು. ಇವೆಲ್ಲವನ್ನೂ ಉಲ್ಕೆಗಳ ಜೊತೆ, ಬಸಾಲ್ಟ್‌ನ ಜೊತೆ ಹೋಲಿಸಿ ಲೆಕ್ಕ ಕೂಡಿಸುತ್ತಾರೆ.

ಆ ತುಂಡುಗಳ ಬಣ್ಣ ಯಾವುದು ಗೊತ್ತೇ? ಹಸಿರು! ಮೇಲಿನ ಮ್ಯಾಂಟಲ್‌ನ ಮುಖ್ಯ ಖನಿಜ ಆಲಿವೀನ್. ಎಳೆ ಹಸಿರು ಬಣ್ಣದ, ಗಾಜಿನಂತೆ ಹೊಳೆಯುವ ಖನಿಜ. ಅದು ಪೈರಾಕ್ಸೀನ್ ಎಂಬ ಇನ್ನೊಂದು ಖನಿಜದೊಡನೆ ಸೇರಿ ಆಗುವ ಶಿಲೆಗೆ ಪೆರಿಡೊಟೈಟ್ ಎಂದು ಹೆಸರು. ಸುಮಾರು 410 ಕಿ.ಮೀ. ಆಳದವರೆಗೆ ಹೀಗೆ. ಅದರಾಚೆ ಒತ್ತಡಕ್ಕೆ ಆಲಿವೀನ್‌ನ ರಚನೆಯೇ ಬದಲಾಗುತ್ತದೆ. ಇನ್ನೂ ಆಳದಲ್ಲಿ ಅದು ರಿಂಗ್‌ವುಡೈಟ್ ಆಗುತ್ತದೆ, ಅದರ ಬಣ್ಣ ಸಾಮಾನ್ಯವಾಗಿ ನೀಲಿ. 660 ಕಿ.ಮೀ.ನ ಕೆಳಗೆ ಬ್ರಿಜ್‌ಮನೈಟ್ ಎಂಬುದೇ ಹೆಚ್ಚು. ಇಡೀ ಭೂಮಿಯಲ್ಲಿ ಅತಿ ಹೆಚ್ಚಾಗಿರುವ ಖನಿಜ ಅದು. ಆದರೂ ಅದಕ್ಕೆ ಈ ಹೆಸರು ಸಿಕ್ಕಿದ್ದು 2014ರಲ್ಲಿ!

ನಿಮ್ಮಲ್ಲಿ ಒಬ್ಬ ಜಾಣೆ ಈಗ ಕೈ ಎತ್ತಿರುತ್ತಾಳೆ. ‘ಅಷ್ಟು ಬಿಸಿಯಿದ್ದರೆ ಯಾವ ಕಲ್ಲಾದರೂ ಕೆಂಪಗೆ ಹೊಳೆಯುತ್ತದೆ. ಕೆಂಪು ಹಚ್ಚಿದರೆ ತಪ್ಪೇನು?’ ಅವಳ ಮಾತು ನಿಜ. ಕಮ್ಮಾರರ ಕುಲುಮೆಯಿಂದ ತೆಗೆದ ಕಬ್ಬಿಣವೂ ಕೆಂಪಗಿರುತ್ತದೆ, ಆದರೆ ಅದು ಗಟ್ಟಿ. ಚಿತ್ರದ ಕೆಳಗೆ ‘ಈ ಬಣ್ಣ ಬಿಸಿಯನ್ನು ತೋರಿಸುತ್ತದೆ’ ಎಂದು ಬರೆದು, ಅಲೆ-ಗುಳ್ಳೆ ಅಳಿಸಿದರೆ ನಾನು ಸುಮ್ಮನಾಗುತ್ತೇನೆ. ಆದರೂ ನನ್ನ ಮತ ಹಸಿರಿಗೇ. ನಕ್ಷೆಯಲ್ಲಿ ಬಣ್ಣ ಹಚ್ಚುವುದು ‘ಇಲ್ಲಿ ಏನಿದೆ’ ಎಂದು ಹೇಳಲು. ಮೇಲೆ ಹಸಿರು, ನಡುವೆ ತೆಳ್ಳಗೆ ನೀಲಿ, ಅದರಡಿ ನಿಮಗೆ ಬೇಕಾದ ಬೂದು ಅಥವಾ ಕಂದು. ಹೊರ ಕೇಂದ್ರಗೋಳಕ್ಕೆ ಮಾತ್ರ ಅಲೆ ಬರೆಯಿರಿ. ಪರೀಕ್ಷೆಯಲ್ಲಿ ಹೀಗೆ ಬರೆದರೆ ಗುರುಗಳು ಏನೆನ್ನುವರೋ ಎಂದು ಹೆದರಬೇಡಿ. ಮೊದಲೇ ಅವರೊಡನೆ ಚರ್ಚಿಸಿ.

ಶಾಲೆಯ ಕಲ್ಲಿನ ಪೆಟ್ಟಿಗೆಯ ಬಗ್ಗೆಯೂ ಒಂದು ಮಾತು. ಅಂಗಡಿಯಿಂದ ತಂದ ಪೆಟ್ಟಿಗೆಯಲ್ಲಿ ‘ಅಗ್ನಿಶಿಲೆ’ ಎಂಬ ಚೀಟಿಯ ಎದುರು ಎಲ್ಲಿಯದೋ ನುಣುಪು ಗ್ರಾನೈಟ್ ಇರುತ್ತದೆ. ಬಾಗಿಲಾಚೆ ಅಂಗಳದಲ್ಲೇ ಅಗ್ನಿಶಿಲೆ ಬಿದ್ದಿರುವಾಗ ಅದೇಕೆ? ನಿಮ್ಮ ಪೆಟ್ಟಿಗೆ ನೀವೇ ಮಾಡಿ. ಒಂದು ಹೊಸದಾಗಿ ಒಡೆದ ಬಸಾಲ್ಟ್, ಒಂದು ರಂಧ್ರಗಳಿರುವ ಬಸಾಲ್ಟ್, ಒಂದು ಜಂಬಿಟ್ಟಿಗೆ. ರಂಧ್ರಗಳು ಲಾವಾರಸದಿಂದ ಹೊರಟ ಅನಿಲದ ಗುಳ್ಳೆಗಳ ಗುರುತು. ಕೆಲವಲ್ಲಿ ನಂತರ ಬಿಳಿ ಖನಿಜ ತುಂಬಿಕೊಂಡಿರುತ್ತದೆ. ಚೀಟಿಯಲ್ಲಿ ಊರು, ಹೊಲ, ದಿನಾಂಕ ಇರಲಿ. ಕ್ವಾರಿಯೊಳಗೆ ಹೋಗಬೇಡಿ, ಕೋಟೆಯ ಕಲ್ಲನ್ನಂತೂ ಮುಟ್ಟಲೇಬೇಡಿ. ರಸ್ತೆ ಬದಿಯ ಖಡಿ ರಾಶಿಯಲ್ಲಿ ಬೇಕಾದಷ್ಟು ಸಿಗುತ್ತದೆ.

ಪೆಟ್ಟಿಗೆ ಸೇರುವ ಮುನ್ನ ಕಲ್ಲನ್ನು ತೂಗಿ. ಪ್ರಯೋಗಾಲಯದ ಸ್ಪ್ರಿಂಗ್ ತಕ್ಕಡಿಗೆ ದಾರದಿಂದ ಬಸಾಲ್ಟ್ ತೂಗುಹಾಕಿ ತೂಕ ಬರೆದುಕೊಳ್ಳಿ. ಆಮೇಲೆ ಕಲ್ಲನ್ನು ಬಕೆಟ್ಟಿನ ನೀರಿನಲ್ಲಿ ಪೂರ್ತಿ ಮುಳುಗಿಸಿ, ತಳಕ್ಕೆ ತಾಗದಂತೆ ಹಿಡಿದು ಮತ್ತೆ ತೂಕ ನೋಡಿ. ಮೊದಲ ತೂಕವನ್ನು ಕಡಿಮೆಯಾದ ತೂಕದಿಂದ ಭಾಗಿಸಿ. ಉದಾಹರಣೆಗೆ 290 ಗ್ರಾಂ ಇದ್ದದ್ದು ನೀರಿನಲ್ಲಿ 190 ತೋರಿಸಿದರೆ 2.9 ಬರುತ್ತದೆ. ಅಂದರೆ ಕಲ್ಲು ನೀರಿಗಿಂತ 2.9 ಪಟ್ಟು ಭಾರ. ಜಂಬಿಟ್ಟಿಗೆಯನ್ನೂ ಹೀಗೆಯೇ ತೂಗಿ. ಮುಳುಗಿಸಿದ ಕೂಡಲೇ ಅದರಿಂದ ಏನು ಹೊರಬರುತ್ತದೆ ಎಂದು ಗಮನಿಸಿ.

ಮೇಲಿನ ಮ್ಯಾಂಟಲ್‌ನ ಪೆರಿಡೊಟೈಟ್ ತೂಗಿದರೆ ಸುಮಾರು 3.3 ಬರುತ್ತದೆ. ಇಡೀ ಭೂಮಿಯದು 5.5. ನಿಮ್ಮ ಬಸಾಲ್ಟ್ 2.9, ಅದರಡಿಯ ಹಸಿರು ಕಲ್ಲು 3.3 ಆದರೆ 5.5 ಆಗಲು ಒಳಗೆ ಎಂಥ ಭಾರದ ವಸ್ತು ಇರಬೇಕು? ಗುಂಪಿನಲ್ಲಿ ಕುಳಿತು ಲೆಕ್ಕ ಹಾಕಿ. ಬೇಕಾದ ಸುಳಿವು ಈ ಲೇಖನದಲ್ಲೇ ಇದೆ.